ನೀರು ತೋರಿಸುವ ಹುಸೇನಪ್ಪ ಮತ್ತು ನೀರಡಿಸಿದ ಬೋರು

ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ನೋಡಿದರೆ ಕಣ್ಣು ಮುಟ್ಟುವಷ್ಟು ದೂರ ಎರೆಭೂಮಿ ಕಾಣುತ್ತದೆ. ನೀರು ಕಾಣುವುದಿಲ್ಲ. ಕಾಣದ ಆ ನೀರನ್ನು ತೋರಿಸಿಕೊಡುವುದೇ ಚಿಕ್ಕಎರಿಹಾಳದ ಹುಸೇನಪ್ಪನ ಉದ್ಯೋಗ. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿಯೊಂದನ್ನು ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲದ ತುಂಬ ನಡೆಯುತ್ತಾನೆ. ಎಲ್ಲಿ ಕಾಯಿ ಎದ್ದು ನಿಲ್ಲುತ್ತದೋ ಅಲ್ಲಿ ನೆಲದ ಕೆಳಗೆ ಗಂಗವ್ವ ಇದ್ದಾಳೆಂದು ಅರ್ಥ. ಹಿಮ್ಮಡದಿಂದ ಗುರುತು ಮಾಡಿ, ಅದರ ಮೇಲೊಂದು ಕಲ್ಲಿಟ್ಟು, ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಾನೆ. ಬೋರಿನಲ್ಲಿ ನೀರು ಬಿದ್ದರೂ ಬೀಳದಿದ್ದರೂ ಹುಸೇನಪ್ಪನ ಮನೆಯಲ್ಲಿ ಮಾತ್ರ ಕೊಬ್ಬರಿ ಚಟ್ನಿಗೆ ಎಂದೂ ಕೊರತೆಯಾಗಿಲ್ಲ.

ಈ ವಿದ್ಯೆಗೆ ಕಟ್ಟುನಿಟ್ಟಿನ ನಿಯಮಗಳಿವೆ. ಮುಂಜಾನೆ ಹೊಟ್ಟೆಗೆ ಏನೂ ಹಾಕಿರಬಾರದು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಗಡಿಯಾರ ಇರಬಾರದು. ಹಿಂದಿನಿಂದ ಯಾರೂ ಕೂಗಬಾರದು. ನಿಯಮಗಳು ಹೆಚ್ಚಿದ್ದಷ್ಟೂ ಒಳ್ಳೆಯದು, ಏಕೆಂದರೆ ಬೋರು ಕೊರೆಯುವಾಗ ನೀರಿನ ಬದಲು ಬರೀ ಧೂಳು ಎದ್ದ ದಿನ ಅವುಗಳಲ್ಲಿ ಒಂದನ್ನು ಯಾರೋ ಮುರಿದಿರಲೇಬೇಕು. ಒಬ್ಬರ ಬೋರು ಹುಸಿಹೋದದ್ದಕ್ಕೆ ಬೋರು ಕೊರೆಯುವ ಲಾರಿಯವನು ಕೊಳವೆಯನ್ನು ಒಂದು ಬೆರಳು ವಾರೆ ಇಳಿಸಿದ್ದು ಕಾರಣವಾಯಿತು. ಇನ್ನೊಬ್ಬರದಕ್ಕೆ ಅದೇ ಹೊತ್ತಿಗೆ ಅವರ ಬೀಗರು ಹೇಳದೆ ಕೇಳದೆ ಬಂದಿಳಿದದ್ದು ಕಾರಣವಾಯಿತು. ಮೂರನೆಯವರದಕ್ಕೆ ಏನೂ ಕಾರಣ ಸಿಗದಾಗ ಹುಸೇನಪ್ಪ ಆಕಾಶ ನೋಡಿ, “ನೀರು ಇತ್ರೀ. ನಾವು ಬರೂದ್ರಾಗ ಜರಗೇತಿ” ಎಂದ. ಜನ ನಂಬಿದರು. ನಂಬದೆ ಇನ್ನೇನು ಮಾಡಬೇಕು? ಹುಸಿಹೋದ ಬೋರಿಗೆ ಸುರಿದದ್ದನ್ನೆಲ್ಲ ನೆನೆಯುವುದಕ್ಕಿಂತ ಜರುಗಿದ ನೀರನ್ನು ನಂಬುವುದು ಸುಲಭ. ನಾವೆಲ್ಲ ಬದುಕುವುದು ಹಾಗೆಯೇ.

ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯಲ್ಲಿ ಅವನು ಕಟ್ಟೆಗೆ ಬಂದರೆ ಜನ ಸರಿದು ಜಾಗ ಕೊಡುತ್ತಿದ್ದರು. “ನೀರಿನ ಹುಸೇನಪ್ಪ” ಎಂದರೆ ವಿಳಾಸಕ್ಕೆ ಬೇರೆ ಏನೂ ಬೇಕಿರಲಿಲ್ಲ. ಅವನಿಗೆ ಮರ್ಯಾದೆ ಸಿಗದ ಊರೆಂದರೆ ಗಂಗಾವತಿ ಒಂದೇ. ಅಲ್ಲಿ ಅವನ ತಂಗಿಯನ್ನು ಕೊಟ್ಟಿದ್ದರು. ಕಾಲುವೆಯ ನೀರು ಹಿತ್ತಲಿಗೇ ಬಂದು ಗದ್ದೆಯಲ್ಲಿ ನಿಲ್ಲುವ ಊರಿನಲ್ಲಿ ನೀರು ತೋರಿಸುವವನಿಗೆ ಯಾರು ಕುರ್ಚಿ ಹಾಕುತ್ತಾರೆ? ಅಲ್ಲಿಗೆ ಹೋದಾಗ ಹುಸೇನಪ್ಪ ಒಂದು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ.

ಈ ವಿದ್ಯೆ ಅವನಿಗೆ ಅಪ್ಪನಿಂದ ಬಂತು. ಅಪ್ಪನಿಗೆ ಅವನಪ್ಪನಿಂದ. ಹುಸೇನಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ದೀಪಿಕಾ. ಹೆಣ್ಣಿನ ಅಂಗೈ ತಂಪು, ಅದರ ಮೇಲೆ ಕಾಯಿ ಏಳುವುದಿಲ್ಲ ಎಂಬುದು ವಂಶದ ಶಾಸ್ತ್ರ. ಮಗ ಹುಟ್ಟಿದ್ದರೆ ಏಳನೆಯ ವರ್ಷಕ್ಕೇ ಅವನ ಕೈಗೆ ಕಾಯಿ ಕೊಟ್ಟು ಹೊಲಕ್ಕೆ ಕರೆದೊಯ್ಯುತ್ತಿದ್ದ, ಅಲ್ಲಿಗೆ ಆ ಹುಡುಗನ ಸಾಲಿ ಮುಗಿಯುತ್ತಿತ್ತು. ಹೆಣ್ಣಾದ್ದರಿಂದ ಕೈ ಖಾಲಿ ಉಳಿಯಿತು. ಖಾಲಿ ಕೈಗೆ ಹೆಂಡತಿ ಶಾಂತಕ್ಕ ಪಾಟಿ ಕೊಟ್ಟಳು. ಹೀಗೆ ಹುಸೇನಪ್ಪ ಮಗಳಿಗೆ ವಿದ್ಯೆ ಕೊಡಿಸಿದ್ದು, ಅವಳಿಗೆ ವಿದ್ಯೆ ಕೊಡಬಾರದೆಂಬ ಕಾರಣಕ್ಕೆ.

ಪಾಟಿ ಪುಸ್ತಕವಾಯಿತು, ಪುಸ್ತಕ ಯಲಬುರ್ಗಾದ ಬಸ್‌ಪಾಸಾಯಿತು, ಬಸ್‌ಪಾಸು ಕೊಪ್ಪಳದ ಹಾಸ್ಟೆಲಾಯಿತು. ನಡುವೆ ಗಂಗಾವತಿಯ ತಂಗಿ, “ಅಣ್ಣಾ, ಹುಡುಗಿನ್ನ ನಮ್ಮ ಮನಿಗೇ ಕೊಟ್ಟುಬಿಡು, ಇನ್ನ ಯಾಕ ಓದಸ್ತಿ?” ಎಂದಾಗ ಹುಸೇನಪ್ಪ ಒಪ್ಪುವುದರಲ್ಲಿದ್ದ. ಶಾಂತಕ್ಕ ಒಲೆಯ ಮುಂದಿನಿಂದ ಏಳದೆ, “ಕೊಡ್ರಿ. ಆಮ್ಯಾಲ ತಿಂಗಳಿಗೊಮ್ಮಿ ನೀವ ಹೋಗಿ ಮಾತಾಡಿಸಿಕೊಂಡು ಬರ್ರಿ ಗಂಗಾವತಿಗೆ” ಎಂದಳು. ಹುಸೇನಪ್ಪ ಅಲ್ಲಿನ ಕಾಲುವೆಯನ್ನು ನೆನೆದು ಮಾತು ಬದಲಿಸಿದ.

ದೀಪಿಕಾ ಭೂಗರ್ಭಶಾಸ್ತ್ರ ಓದಿದಳು. ಅದು ಯಾವ ಶಾಸ್ತ್ರವೆಂದು ಹುಸೇನಪ್ಪನಿಗೆ ಬಹಳ ದಿನ ಗೊತ್ತಾಗಲಿಲ್ಲ. ಗೊತ್ತಾದ ದಿನ ಅವನು ಊಟ ಬಿಟ್ಟ.

“ಅಂದ್ರ ನೆಲದಾಗಿನ ನೀರು ನೋಡೂದು?”

“ಹೂಂ ಅಪ್ಪಾ. ಕಲ್ಲು, ಬಿರುಕು, ಇಳಿಜಾರು ಎಲ್ಲಾ ನೋಡಿ.”

“ಮತ್ತ ಕಾಯಿ?”

“ಕಾಯಿ ಚಟ್ನಿಗೆ ಅಪ್ಪಾ.”

ಶಾಂತಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಓದು ಮುಗಿಸಿದವಳು ಕೊಪ್ಪಳದ ಒಂದು ಸಂಸ್ಥೆಯಲ್ಲಿ ಅಂತರ್ಜಲದ ಕೆಲಸಕ್ಕೆ ಸೇರಿ, ತನ್ನ ಊರನ್ನೇ ಕೇಳಿ ಪಡೆದು ವಾಪಸು ಬಂದಳು. ಮಳೆ ಈಗ ಮೊದಲಿನಂತಿಲ್ಲ, ಬರುವಾಗ ಬರುವುದಿಲ್ಲ, ಬಂದರೆ ತಿಂಗಳ ಮಳೆ ಒಂದೇ ಮಧ್ಯಾಹ್ನ ಸುರಿದು ಮಣ್ಣನ್ನೂ ಹೊತ್ತು ಹೋಗುತ್ತದೆ, ಆ ನೀರನ್ನು ಹಿಡಿದು ನೆಲಕ್ಕೆ ಕುಡಿಸಬೇಕು ಎನ್ನುತ್ತಿದ್ದಳು. ಗಂಡಸರು ಕಟ್ಟೆಯ ಮೇಲೆ ಕೂತು, “ಭೂಮಿ ಬಿಸಿ ಆಗೇತಂತ. ನಮಗ ಗೊತ್ತಾ ಇದ್ದಿಲ್ಲ ನೋಡು” ಎಂದು ನಕ್ಕರು. ಹೆಂಗಸರು ನಗಲಿಲ್ಲ. ಕೊಡ ಹೊತ್ತು ದೂರ ಹೋಗುವವರು ಅವರಾದ್ದರಿಂದ ಅವರಿಗೆ ವಿಷಯದಲ್ಲಿ ತಮಾಷೆ ಕಾಣಲಿಲ್ಲ. ಸ್ತ್ರೀಶಕ್ತಿ ಸಂಘದ ಹೊಳಿಯಮ್ಮ ಮೊದಲ ದಿನವೇ, “ಎಲ್ಲಿ ಅಗೀಬೇಕು ಹೇಳವ್ವಾ, ಸಲಿಕಿ ತರ್ತೀನಿ” ಎಂದು ಎದ್ದು ನಿಂತಳು.

ಆ ವರ್ಷದ ಮಹಿಳಾ ದಿನಕ್ಕೆ ಕೊಪ್ಪಳದಲ್ಲಿ ದೀಪಿಕಾಗೆ ಶಾಲು ಹೊದಿಸಿದರು. ಹುಸೇನಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಸಾಲಿನಲ್ಲಿ ಕೂತ. ಏಸಿ ಹಾಕಿದ್ದ ಆ ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ಬಹಳ ಹೊತ್ತು ಮಾತಾಡಿದರು: ಹೆಣ್ಣುಮಗು ಓದಿದರೆ ಮನೆ ಸುಧಾರಿಸುತ್ತದೆ, ಹೊಲ ಸುಧಾರಿಸುತ್ತದೆ, ಕೊನೆಗೆ ಭೂಮಿಯ ಕಾವೂ ಇಳಿಯುತ್ತದೆ. ಹುಸೇನಪ್ಪ ಚಪ್ಪಾಳೆ ತಟ್ಟಿದ. ಹೊರಗೆ ಬಂದು ಚಪ್ಪಲಿಗಾಗಿ ಕಾಲಿಟ್ಟವನು ಸುಟ್ಟುಕೊಂಡು ಮೇಲೆ ಹಾರಿದ.

“ನಮ್ಮ ಹುಡುಗಿ ಡಿಗ್ರಿ ಮುಗಿಸಿ ಎರಡು ವರ್ಷ ಆತು. ಕಾವು ಇಳಿವಲ್ದಲ್ರೀ?” ಎಂದು ಪಕ್ಕದವರನ್ನು ಕೇಳಿದ.

“ಒಬ್ಬಾಕಿ ಓದಿದ್ರ ಸಾಲಂಗಿಲ್ಲ ಬಿಡ್ರಿ” ಎಂದು ಅವರು ಸಮಾಧಾನ ಹೇಳಿದರು.

ಇಲ್ಲಿಯವರೆಗೆ ಎಲ್ಲವೂ ಶಾಲಿನ ಮಟ್ಟದಲ್ಲೇ ಇತ್ತು. ಕಷ್ಟ ಶುರುವಾದದ್ದು ಬೋರಿನ ವಿಷಯ ಬಂದಾಗ.

ದೀಪಿಕಾಳ ಯೋಜನೆ ಸರಳವಾಗಿತ್ತು. ಬತ್ತಿಹೋದ ಬೋರಿನ ಸುತ್ತ ಗುಂಡಿ ತೋಡಿ, ಕೊಳವೆಗೆ ತೂತು ಹಾಕಿ, ಅದಕ್ಕೆ ಜಾಲರಿ ಸುತ್ತಿ, ಕಲ್ಲು, ಜಲ್ಲಿ, ಮರಳು ತುಂಬಿದರೆ ಮಳೆನೀರು ಸೋಸಿಕೊಂಡು ಒಳಗಿಳಿಯುತ್ತದೆ. ಬೇಕಾದದ್ದು ಒಂದು ಬತ್ತಿದ ಬೋರು. ಅದೇ ಸಿಗಲಿಲ್ಲ. ಊರ ತುಂಬ ಬೋರುಗಳಿದ್ದವು, ಅರ್ಧಕ್ಕರ್ಧ ಬತ್ತಿದ್ದವು, ಆದರೆ ಕೇಳಿದರೆ ಒಂದೂ ಬತ್ತಿರಲಿಲ್ಲ.

ಇದರ ಹಿಂದೆ ಒಂದು ಸಂಪ್ರದಾಯವಿದೆ. ನಮ್ಮ ಕಡೆ ಕನ್ಯೆ ಕೊಡುವವರು ಮೊದಲು ಕೇಳುವುದು “ನೀರಾವರಿ ಐತೇನ್ರಿ?” ಎಂದು. ಹಾಗಾಗಿ ಮನೆಯಲ್ಲಿ ಮದುವೆಯ ಗಂಡು ಇರುವವರೆಗೂ ಬೋರು ಬತ್ತುವಂತಿಲ್ಲ. ಮೋಟಾರಿನ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಬಣ್ಣ, ಅಮಾವಾಸ್ಯೆಗೊಮ್ಮೆ ಕುಂಕುಮ, ತಂತಿ ಎಳೆದದ್ದು ಎಳೆದ ಹಾಗೆ. ಒಳಗೆ ಮಾತ್ರ ಗಾಳಿ. ಈ ಕಲೆಯಲ್ಲಿ ಎಲ್ಲರನ್ನೂ ಮೀರಿಸಿದವನು ಮಾರೆಪ್ಪ. ಮಗ ಯಂಕೇಶನನ್ನು ನೋಡಲು ಕುಕನೂರಿನ ಕಡೆಯವರು ಬಂದ ದಿನ ಅವನು ಹಿಂದಿನ ಹೊಲದಲ್ಲಿ ಟ್ಯಾಂಕರ್ ನಿಲ್ಲಿಸಿ, ಜೋಳದ ಸಾಲಿನೊಳಗಿಂದ ಪೈಪು ಎಳೆದು, ಬೋರಿನ ಬಾಯಿಯಿಂದ ತೊಡೆ ಗಾತ್ರದ ನೀರು ಹಾರಿಸಿದ್ದ. ಹುಡುಗಿಯ ಅಪ್ಪ ಮೆಚ್ಚಿ ತಲೆಯಾಡಿಸಿದ. ಆದರೆ ಹುಡುಗಿ ಡಿಗ್ರಿ ಓದಿದವಳು. “ಕರೆಂಟು ಹೋಗೇತಲ್ರೀ, ಮೋಟಾರ್ ಹೆಂಗ ನಡದೈತಿ?” ಎಂದು ಕೇಳಿದಳು. ಆ ಸಂಬಂಧ ಅಲ್ಲಿಗೇ ನಿಂತಿತು. ಹೆಣ್ಣುಮಕ್ಕಳನ್ನು ಓದಿಸುವುದರ ಬಗ್ಗೆ ಮಾರೆಪ್ಪನಿಗೆ ಅಂದಿನಿಂದ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ದೀಪಿಕಾಗೆ ಬೇಕಾದದ್ದು ಅದೇ ಬೋರು. ಗುಡ್ಡದಿಂದ ಹರಿದು ಬರುವ ನೀರೆಲ್ಲ ಮಾರೆಪ್ಪನ ಹೊಲದ ಆ ಮೂಲೆಯನ್ನು ಸವರಿಕೊಂಡೇ ಹಳ್ಳಕ್ಕೆ ಇಳಿಯುತ್ತಿತ್ತು. ಮೇ ಮುಗಿಯುವುದರೊಳಗೆ ಊರಲ್ಲಿ ಒಂದಾದರೂ ಗುಂಡಿ ಆಗದಿದ್ದರೆ ಯೋಜನೆ ಬೇರೆ ಊರಿಗೆ ಹೋಗುತ್ತದೆ, ಅದರ ಜೊತೆ ದೀಪಿಕಾಳೂ ಹೋಗಬೇಕು ಎಂದು ಸಂಸ್ಥೆಯವರು ತಿಳಿಸಿದ್ದರು.

ಒಂದು ಮುಂಜಾನೆ ಅವಳು ರೊಟ್ಟಿ ಮುರಿಯುತ್ತ ಕೇಳಿದಳು: “ಅಪ್ಪಾ, ಮಾರೆಪ್ಪ ಕಾಕಾನ ಮೂಲಿ ಬೋರು ನೀನ ತೋರಿಸಿದ್ದಲ್ಲ? ಅದು ಬತ್ತೈತೋ ಇಲ್ಲೋ?”

“ಯಾವ ಮಾರೆಪ್ಪ?” ಎಂದ ಹುಸೇನಪ್ಪ.

“ಊರಾಗ ಇರೂದ ಒಬ್ಬ ಮಾರೆಪ್ಪ” ಎಂದಳು ಶಾಂತಕ್ಕ.

ಹುಸೇನಪ್ಪ ತಲೆ ತಗ್ಗಿಸಿ ರೊಟ್ಟಿ ತಿಂದ. ಬತ್ತಿದೆ ಎಂದರೆ ತನ್ನ ಕಾಯಿ ಸುಳ್ಳು ಹೇಳಿತು ಎಂದಂತೆ. ಒಂದು ಬೋರಿನ ಗುಟ್ಟು ಬಿಟ್ಟುಕೊಟ್ಟರೆ ಉಳಿದವರೂ ಬಾಯಿ ಬಿಡುತ್ತಾರೆ, ಸಂಜೆಯೊಳಗೆ ನೀರಿನ ಹುಸೇನಪ್ಪ ಬರಿಯ ಹುಸೇನಪ್ಪನಾಗುತ್ತಾನೆ. ಬತ್ತಿಲ್ಲ ಎಂದರೆ ಮಗಳು ಗಂಟುಮೂಟೆ ಕಟ್ಟುತ್ತಾಳೆ. ಮೂರು ತಲೆಮಾರಿನ ಹೆಸರು ಒಂದು ಕಡೆ, ಎದುರಿಗೆ ಕೂತು ಚಟ್ನಿ ಬಡಿಸಿಕೊಳ್ಳುತ್ತಿರುವ ಹುಡುಗಿ ಇನ್ನೊಂದು ಕಡೆ. ಯೋಚಿಸುತ್ತ ಅವನು ಎರಡು ರೊಟ್ಟಿ ಹೆಚ್ಚೇ ತಿಂದ.

ಅದೇ ಹೊತ್ತಿಗೆ ಹೊಳಿಯಮ್ಮ ಸಂಘದ ಹೆಂಗಸರನ್ನೆಲ್ಲ ಸಲಿಕೆ, ಬುಟ್ಟಿಗಳ ಸಮೇತ ಮಾರೆಪ್ಪನ ಹೊಲಕ್ಕೆ ಹೊರಡಿಸಿದ್ದಳು. ದೀಪಿಕಾ ಕೈ ತೊಳೆದು ಹೊರಟಳು. ಹುಸೇನಪ್ಪ ಹಿಂದೆ ಹೋದ. ಯಾಕೆ ಹೋಗುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಮಾರೆಪ್ಪ ಬೋರಿನ ಮುಂದೆ ಕೈಕಟ್ಟಿ ನಿಂತಿದ್ದ.

“ಏನಬೇ, ದಂಡು ಕಟ್ಟಿಕೊಂಡು ಬಂದೀರಿ? ಇದು ಜೀವಂತ ಬೋರು. ಇದಕ್ಕ ಗುಂಡಿ ತೋಡ್ತೀರಾ?”

“ಜೀವಂತ ಇದ್ರ ಒಂದು ತಂಬಿಗಿ ನೀರು ಕೊಡೋ ಮಾರೆಪ್ಪ, ನೀರಡಿಕ್ಯಾಗೇತಿ” ಎಂದಳು ಹೊಳಿಯಮ್ಮ.

“ಕರೆಂಟ್ ಇಲ್ಲ.”

“ಅವತ್ತೂ ಇದ್ದಿಲ್ಲಲಾ!”

ಹೆಂಗಸರು ಗೊಳ್ಳೆಂದು ನಕ್ಕರು. ಮಾರೆಪ್ಪನ ಮುಖ ಮೆಣಸಿನಕಾಯಿಯಾಯಿತು. ದೀಪಿಕಾ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಗುಡ್ಡ, ಇಳಿಜಾರು, ಬಂಡೆಯ ಬಿರುಕು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮಾರೆಪ್ಪ ಚಿತ್ರದ ಮೇಲೆಯೇ ಕಾಲಿಟ್ಟು ಮುಂದೆ ಬಂದ.

“ನೋಡವ್ವಾ, ನೀ ಓದಿದಾಕಿ, ನನಗ ತಿಳಿಯಂಗಿಲ್ಲ. ಆದರ ಈ ಬೋರು ತೋರಿಸಿದಾತ ನಿಮ್ಮಪ್ಪ. ಇದು ಬತ್ತೈತಿ ಅಂದ್ರ ಆತನ ವಿದ್ಯಾನ ಸುಳ್ಳು. ಇಲ್ಲೇ ಅದಾನಲ್ಲ, ಕೇಳಿಬಿಡೂಣು. ಏ ಹುಸೇನಪ್ಪ, ಹೇಳೋ, ಇದರಾಗ ನೀರು ಐತೋ ಇಲ್ಲೋ?”

ಎಲ್ಲರೂ ತಿರುಗಿ ನೋಡಿದರು. ಹುಸೇನಪ್ಪ ಮೋಟಾರಿನ ಪೆಟ್ಟಿಗೆಯ ಕುಂಕುಮ ನೋಡುತ್ತ ನಿಂತ. ಮಗಳೂ ಅವನನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ಕಡ್ಡಿ ಕೆಳಗೆ ಹಾಕಿದಳು.

“ಬ್ಯಾಡ್ರಿ ಕಾಕಾ. ಅಪ್ಪನ್ನ ಕೇಳಬ್ಯಾಡ್ರಿ. ನಡೀರಿ ಅಕ್ಕಾರ, ಹೋಗೂಣು” ಎಂದಳು.

ಹೆಂಗಸರು ಬುಟ್ಟಿ ಎತ್ತಿಕೊಂಡರು. ಮಗಳು ಸುಳ್ಳುಗಾರ ಎಂದಿದ್ದರೆ ಹುಸೇನಪ್ಪ ಜಗಳವಾಡಬಹುದಿತ್ತು. ಕಾಯಿ ಚಟ್ನಿಗೆ ಎಂದ ಹುಡುಗಿ, ಅದೇ ಕಾಯಿಯ ಮಾನ ಉಳಿಸಲು ತನ್ನ ಊರನ್ನೇ ಬಿಟ್ಟು ಹೊರಟಿದ್ದಳು.

“ನಿಂದರ್ರಿ” ಎಂದ. “ಮಾರೆಪ್ಪಣ್ಣ, ಒಂದು ಕಾಯಿ ತರಿಸು.”

ಕಾಯಿ ಬಂತು. ಹುಸೇನಪ್ಪ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಅಂಗೈ ಮೇಲೆ ಕಾಯಿ ಮಲಗಿಸಿ ಬದುವಿನ ಗುಂಟ ನಡೆದ.

“ಅಲ್ಲೋ, ಮುಂಜಾನಿ ರೊಟ್ಟಿ ತಿಂದಿಲ್ಲೇನು? ತುಟಿಗೆ ಚಟ್ನಿ ಹತ್ತೇತಿ” ಎಂದ ಮಾರೆಪ್ಪ ಅನುಮಾನದಿಂದ.

“ನೀರು ತೋರಿಸಾಕ ಉಪಾಸ ಇರಬೇಕು” ಎಂದ ಹುಸೇನಪ್ಪ ಕಣ್ಣು ತೆರೆಯದೆ. “ನೀರು ಕುಡಿಸಾಕ ಹೊಟ್ಟಿ ತುಂಬಿರಬೇಕು.”

ಬೋರಿನ ಹತ್ತಿರ ಬರುತ್ತಲೇ ಕಾಯಿ ನಡುಗಿತು. ಹೊರಳಿತು. ನೆಟ್ಟಗೆ ಎದ್ದು ನಿಂತಿತು. ಅದು ತಾನಾಗಿ ಎದ್ದಿತೋ, ಹೆಬ್ಬೆರಳು ಎಬ್ಬಿಸಿತೋ ಎಂಬುದನ್ನು ಹುಸೇನಪ್ಪ ಜೀವಮಾನದಲ್ಲಿ ಎಂದೂ ವಿಚಾರಿಸಿರಲಿಲ್ಲ. ಇವತ್ತು ಮಾತ್ರ ಹೆಬ್ಬೆರಳಿನ ಮೇಲೆ ಅವನಿಗೆ ಸ್ವಲ್ಪ ಗುಮಾನಿ ಬಂತು.

“ಬೋರು ಬತ್ತಿಲ್ಲ” ಎಂದ. ಮಾರೆಪ್ಪ ಎದೆ ಉಬ್ಬಿಸಿದ. “ಬತ್ತಿಲ್ಲ, ನೀರಡಿಸೇತಿ. ಇಷ್ಟು ವರ್ಷ ಕೊಟ್ಟು ಕೊಟ್ಟು ದಣದೈತಿ. ಬಾಣಂತಿ ಇದ್ದಂಗ ಐತಿ ಅದು. ಒಂದೆರಡು ಮಳಿ ಕುಡಿಸಿದ್ರ ಎದ್ದು ಕುಂದರತೈತಿ. ಹೆಂಗ ಕುಡಿಸಬೇಕನ್ನೂದು ನನ್ನ ವಿದ್ಯಾದಾಗ ಬರೂದಿಲ್ಲ. ಅದನ್ನ ಈಕಿ ಕಲತಾಳ.”

ಮಾರೆಪ್ಪ ಗಲ್ಲ ಕೆರೆದುಕೊಂಡ. ಬತ್ತಿದ ಬೋರಿನವನು ಎನ್ನಿಸಿಕೊಳ್ಳುವುದು ಬೇರೆ, ಬಾಣಂತಿ ಬೋರಿನವನು ಎನ್ನಿಸಿಕೊಳ್ಳುವುದು ಬೇರೆ. ಮುಂದೆ ಬೀಗರಿಗೂ ಹೇಳಿಕೊಳ್ಳಬಹುದು.

“ಹಂಗ ಮದಲ ಹೇಳಬಾರದೇನವ್ವಾ ತಂಗಿ?” ಎಂದು ದೀಪಿಕಾಳ ಮೇಲೇ ರೇಗಿದ. “ಸುಮ್ಮನ ಕಲ್ಲು, ಬಿರುಕು ಅಂತ ಹೇಳಿಕೋತ ಕುಂತಿ. ತೋಡ್ರಿ, ತೋಡ್ರಿ. ಯಂಕೇಶಾ, ನೀನೂ ಸಲಿಕಿ ಹಿಡಿಯಲೇ!”

ಗುಂಡಿ ಆಯಿತು. ಮನೆಗೆ ಬರುವ ದಾರಿಯಲ್ಲಿ ಮಗಳು ಮುಂದೆ ಮುಂದೆ ನಡೆದಳು. ಊರ ಹತ್ತಿರ ಬಂದಾಗ ಹಿಂದೆ ತಿರುಗಿದಳು.

“ಮೂರು ತಿಂಗಳು ಗಂಟಲು ಹರಕೊಂಡೀನಿ ಅಪ್ಪಾ ನಾನು. ನೀ ಒಂದು ಕಾಯಿ ಎಬ್ಬಿಸಿದಿ.”

“ಗುಂಡಿ ಆತಿಲ್ಲೋ?”

“ಆತು.”

“ಮತ್ತ ಸಿಟ್ಟು ಯಾಕ?”

“ನಾ ಹೇಳಿದ್ದಕ್ಕ ಆಗಲಿಲ್ಲಲ್ಲ, ಅದಕ್ಕ. ಇನ್ನೊಮ್ಮಿ ಕಾಯಿ ಹಿಡದಿ ಅಂದ್ರ ನೋಡು ನಿನಗ.”

ಹುಸೇನಪ್ಪ ಒಳಗೊಳಗೇ ಹಿಗ್ಗಿದ್ದ. ಮಗಳು ಊರಲ್ಲುಳಿದಳು, ಹೆಸರೂ ಉಳಿಯಿತು. ಇನ್ನು ನೀರು ತೋರಿಸುವ ಹುಸೇನಪ್ಪ, ನೀರು ಕುಡಿಸುವ ಹುಸೇನಪ್ಪನೂ ಹೌದು.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಮಳೆ ಬಂತು, ಹುಚ್ಚು ಹಿಡಿದಂತೆ. ಗುಡ್ಡದ ಕೆಂಪು ನೀರು ಮಾರೆಪ್ಪನ ಮೂಲೆಗೆ ಬಂದು ಗುಂಡಿಯಲ್ಲಿ ಗುಳುಗುಳು ಇಳಿಯಿತು. ಮಾರೆಪ್ಪ ಛತ್ರಿ ಹಿಡಿದು ನಿಂತು ನೋಡಿದ. ಆಮೇಲೂ ಎರಡು ಸಲ ಹಾಗೆಯೇ ಸುರಿಯಿತು. ಕೆಲವು ವಾರ ಕಳೆದ ಮೇಲೆ ನೀರು ಏರಿತು. ಮಾರೆಪ್ಪನ ಬೋರಿನಲ್ಲಲ್ಲ, ಇಳಿಜಾರಿನ ಕೆಳಗಿದ್ದ ಹೊಳಿಯಮ್ಮನ ಹೊಲದ ಬೋರಿನಲ್ಲಿ.

ಮಾರೆಪ್ಪ ಬೆಂಕಿಯಾಗಿ ಮನೆಗೇ ಬಂದ. “ಹುಸೇನಪ್ಪ! ನನ್ನ ಹೊಲದ ನೀರು ಕುಡದದ್ದು ನನ್ನ ಬಾಣಂತಿ, ಹಾಲು ಬಂದದ್ದು ಹೊಳಿಯಮ್ಮಗ. ಇದು ಎಂಥಾ ವಿದ್ಯಾ?”

ಹುಸೇನಪ್ಪ ಹಳೆಯ ಕಾರಣಗಳನ್ನೆಲ್ಲ ಒಂದೊಂದಾಗಿ ನೆನೆದ. ವಾರೆ ಕೊಳವೆ, ಬೀಗರು, ಜರುಗಿದ ನೀರು. ಜರುಗಿದ ನೀರು! ಮೊದಲ ಬಾರಿಗೆ ಅದು ನಿಜವೇ ಆಗಿತ್ತು, ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ದೀಪಿಕಾ ಹೊರಬಂದು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಅದೇ ಚಿತ್ರ ಬರೆದಳು. ನೀರಿಗೆ ಬದು ಗೊತ್ತಿಲ್ಲ ಕಾಕಾ, ಬಿರುಕಿನ ಗುಂಟ ಹೋಗುತ್ತದೆ, ಮೇಲೆ ಇನ್ನೂ ನಾಲ್ಕಾರು ಗುಂಡಿ, ಅಡ್ಡ ಒಡ್ಡು ಹಾಕಿದರೆ ನಿಮಗೂ ಬರುತ್ತದೆ, ಹೊಳಿಯಮ್ಮನಿಗೂ ಉಳಿಯುತ್ತದೆ ಎಂದಳು. ಈ ಸಲ ಮಾರೆಪ್ಪ ಚಿತ್ರದ ಮೇಲೆ ಕಾಲಿಡಲಿಲ್ಲ. ಕುಕ್ಕರಗಾಲಲ್ಲಿ ಕೂತು, “ಇದು ನನ್ನ ಹೊಲ ಏನವ್ವಾ? ಮತ್ತ ಇದು?” ಎಂದು ಬೆರಳಿಟ್ಟು ಕೇಳಿದ. ಬಹಳ ಹೊತ್ತು ಕೇಳಿದ. ಹುಸೇನಪ್ಪ ಪಕ್ಕದಲ್ಲಿ ನಿಂತೇ ಇದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಅಂದಿನಿಂದ ಬತ್ತಿದ ಬೋರುಗಳು ಒಂದೊಂದಾಗಿ ಊರಲ್ಲಿ ಹೊರಬೀಳತೊಡಗಿದವು. ಜನ ತಾವಾಗಿಯೇ ಬಂದು, “ಮೇಡಂ ಅದಾರೇನ್ರಿ? ನಮ್ಮದೂ ಒಂದು ಬತ್ತೈತಿ” ಎನ್ನುತ್ತಿದ್ದರು, ಏನೋ ಒಡವೆ ಇದೆ ಎನ್ನುವ ಹಾಗೆ. ಅವೆಲ್ಲ ಹುಸೇನಪ್ಪನೇ ತೋರಿಸಿದ ಬೋರುಗಳು. ಒಬ್ಬನಾದರೂ ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಯಾರೂ ಬೈಯಲಿಲ್ಲ, ಯಾರು ತೋರಿಸಿದ್ದೆಂಬುದೇ ಮರೆತಿದ್ದರು. ಕುಷ್ಟಗಿ ಬಸ್ಸಿನ ಕಂಡಕ್ಟರ್ ಕೂಡ, “ದೀಪಿಕಾ ಮೇಡಂ ಅವರ ತಂದಿ, ಸೀಟು ಬಿಡ್ರಿ” ಎಂದ. ಸೀಟು ಸಿಕ್ಕಿತು. ಹುಸೇನಪ್ಪ ಕೂತ. ಯಾರದೋ ಸೀಟಿನಲ್ಲಿ ಕೂತಂತಾಯಿತು.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಫೋನ್ ಬಡಿದುಕೊಂಡಿತು. ಮಗಳು ಉಣ್ಣುತ್ತಿದ್ದಳು. ಹುಸೇನಪ್ಪ ಎತ್ತಿದ.

“ನಾವು ಕುಕನೂರು ಕಡೆಯವರ್ರಿ. ನೀರಿನವರ ಮನಿ ಹೌದಲ್ರೀ?”

ಹುಸೇನಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. “ಹೌದ್ರಿ. ಮಾತಾಡ್ರಿ.”

“ಮೇಡಂಗ ಕೊಡ್ರಿ ಸ್ವಲ್ಪ.”

ಅವನು ಫೋನನ್ನು ಒಂದು ಗಳಿಗೆ ನೋಡಿದ. ಒಳಗೆ ಶಾಂತಕ್ಕ ಮಗಳಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

“ಮೇಡಂ ಉಣ್ಣಾಕತ್ತಾರ್ರಿ” ಎಂದ. “ಏನಿದ್ರೂ ನನ್ನ ಮುಂದ ಹೇಳ್ರಿ. ಹೊಲ ಯಾವ ಕಡಿಗೆ ಇಳಿಜಾರು ಐತಿ? ಗುಡ್ಡದ ನೀರು ಎಲ್ಲಿಂದ ಹರಿತೈತಿ? ಅದನ್ನ ನೋಡದನ ಬೋರು ಹೊಡಿಸಿದ್ರೇನು? ಯಾವ ಶ್ಯಾಣ್ಯಾ ತೋರಿಸಿದ್ದ ನಿಮಗ?”

ಆ ಕಡೆಯವನು ಸ್ವಲ್ಪ ತಡವರಿಸಿ ಹೇಳಿದ: “ನಿಮ್ಮ ಊರಾವನ ರೀ. ಹುಸೇನಪ್ಪ ಅಂತ. ಅದಾನೇನ್ರಿ ಇನ್ನಾ?”

ಹುಸೇನಪ್ಪ ಬಾಗಿಲ ಕಡೆ ನೋಡಿದ, ಮಗಳ ಕಡೆ ನೋಡಿದ.

“ಅದಾನ್ರಿ” ಎಂದ. “ಈಗ ಕಲಿಯಾಕ ಹತ್ಯಾನ.”